ಮರೆಯ ಧರ್ಮ: ಥೀಮ್ ಪಾರ್ಕಿನ ಕಾಣದ ಕಟ್ಟಡಗಳನ್ನು ಕುರಿತು

ಒಂದು ವಸ್ತು ಇದೆಯೆಂಬುದು ನೋಡುವವರೆಲ್ಲರಿಗೂ ತಿಳಿದಿರುವಾಗ ಅದನ್ನು ಅವರ ಕಣ್ಣಿಗೆ ಬೀಳದಂತೆ ಮರೆಮಾಡುವುದು ಮೋಸವೇ, ಕಲೆಯೇ, ಅಥವಾ ಇವೆರಡರ ನಡುವಿನ ಬೇರೊಂದು ವ್ಯಾಪಾರವೇ ಎಂಬುದು ತತ್ತ್ವಜಿಜ್ಞಾಸೆಗೆ ಯೋಗ್ಯವಾದ ಪ್ರಶ್ನೆ. ಹಗ್ಗದಲ್ಲಿ ಹಾವು, ಚಿಪ್ಪಿನಲ್ಲಿ ಬೆಳ್ಳಿ, ಮರಳಿನಲ್ಲಿ ನೀರು ಎಂಬ ಉದಾಹರಣೆಗಳನ್ನು ಮುಂದಿಟ್ಟುಕೊಂಡು ಭಾರತೀಯ ದಾರ್ಶನಿಕರು ಭ್ರಮೆಯ ಸ್ವರೂಪವನ್ನು ಶತಮಾನಗಳ ಕಾಲ ಚರ್ಚಿಸಿದ್ದಾರೆ. ಆದರೆ ಆ ಉದಾಹರಣೆಗಳಲ್ಲಿ ಭ್ರಮೆಯನ್ನು ಹುಟ್ಟಿಸುವುದು ಮಬ್ಬುಗತ್ತಲೆ, ದೂರ ಅಥವಾ ಬಿಸಿಲಿನ ಝಳವೇ ಹೊರತು ಯಾರ ಸಂಕಲ್ಪವೂ ಅಲ್ಲ. ಅಳತೆ ಹಾಕಿ, ಅಪಾರ ಹಣ ಸುರಿದು, ನೋಡುವವರ ಒಪ್ಪಿಗೆಯನ್ನು ಮೊದಲೇ ಪಡೆದು ಭ್ರಮೆಯನ್ನು ಕಟ್ಟುವ ಒಂದು ವಿದ್ಯೆ ಇಪ್ಪತ್ತನೆಯ ಶತಮಾನದಲ್ಲಿ ಥೀಮ್ ಪಾರ್ಕುಗಳ ರೂಪದಲ್ಲಿ ಬೆಳೆಯಿತು. ಅಲ್ಲಿ ಅತಿ ಹೆಚ್ಚು ಶ್ರಮ ವ್ಯಯವಾಗುವುದು ತೋರಿಸುವುದಕ್ಕೋ ಮರೆಸುವುದಕ್ಕೋ ಎಂದು ನಿರ್ಣಯಿಸುವುದು ಸುಲಭವಲ್ಲ.

ಥೀಮ್ ಪಾರ್ಕ್ ಎಂದರೆ ಒಂದು ಕಥೆಯ, ಒಂದು ಕಾಲದ ಅಥವಾ ಒಂದು ನಾಡಿನ ಕಲ್ಪನೆಗೆ ಹೊಂದುವಂತೆ ಬೀದಿ, ಗಿಡಮರ, ಕಟ್ಟಡ, ಸಂಗೀತ, ಉಡುಗೆಗಳೆಲ್ಲವನ್ನೂ ಅಣಿಗೊಳಿಸಿದ ಮನೋರಂಜನಾ ಉದ್ಯಾನ. ಅದರೊಳಗಿನ ‘ರೈಡ್’ ಎಂದರೆ ಬಂದವರನ್ನು ದೋಣಿಯಲ್ಲೋ ಗಾಡಿಯಲ್ಲೋ ಕೂರಿಸಿ ದೃಶ್ಯದಿಂದ ದೃಶ್ಯಕ್ಕೆ ಸಾಗಿಸುವ ಸವಾರಿ. ಹೀಗೆ ಹತ್ತಾರು ದೃಶ್ಯಗಳ ನಡುವೆ ಸಾಗುವ ಸವಾರಿಗೆ ಕತ್ತಲು, ನಿಯಂತ್ರಿತ ಬೆಳಕು ಮತ್ತು ವಿಸ್ತಾರವಾದ ಒಳಾಂಗಣ ಬೇಕಾಗುವುದರಿಂದ ಅದನ್ನು ಒಂದು ದೊಡ್ಡ ಉಗ್ರಾಣದಂಥ ಕಟ್ಟಡದೊಳಗೆ ಅಳವಡಿಸಲಾಗುತ್ತದೆ. ‘ಷೋ ಬಿಲ್ಡಿಂಗ್’ ಎಂದು ಕರೆಯಲಾಗುವ ಈ ಕಟ್ಟಡಕ್ಕೆ ಕಿಟಕಿಗಳಿಲ್ಲ, ಚಾವಣಿ ಚಪ್ಪಟೆ, ಮೇಲೆ ಹವಾನಿಯಂತ್ರಣದ ಯಂತ್ರಗಳ ಸಾಲು. ಮುಂಭಾಗದಲ್ಲಿ ಹಳೆಯ ಬಂಗಲೆಯೋ ದೇಗುಲವೋ ಕೋಟೆಯೋ ಕಂಡರೂ ಅದರ ಹಿಂದೆ ನಿಂತಿರುವುದು ಈ ಪೆಟ್ಟಿಗೆಯೇ. ವಿನ್ಯಾಸಕಾರನ ಮೊದಲ ಸಮಸ್ಯೆ ಈ ಪೆಟ್ಟಿಗೆಯನ್ನು ಎಲ್ಲಿ, ಹೇಗೆ ಅಡಗಿಸುವುದು ಎಂಬುದು.

ದಿಬ್ಬ, ಲಿಫ್ಟು ಮತ್ತು ಬಣ್ಣ

ಕ್ಯಾಲಿಫೋರ್ನಿಯಾದ ಅನಹೈಮ್‌ನಲ್ಲಿ 1955ರ ಜುಲೈ 17ರಂದು ತೆರೆದ ಡಿಸ್ನಿಲ್ಯಾಂಡ್ ಈ ಸಮಸ್ಯೆಗೆ ಕೊಟ್ಟ ಉತ್ತರ ಇಂದಿಗೂ ಮಾದರಿಯಾಗಿ ಉಳಿದಿದೆ. ಉದ್ಯಾನದೊಳಗೆ ಇರುವಷ್ಟು ಹೊತ್ತು ಜನರಿಗೆ ತಮ್ಮ ನಿತ್ಯದ ಜಗತ್ತು ಕಾಣಬಾರದೆಂಬುದು ವಾಲ್ಟ್ ಡಿಸ್ನಿಯ ಆಶಯವಾಗಿದ್ದುದರಿಂದ ಇಡೀ ಆವರಣದ ಸುತ್ತ ಮಣ್ಣಿನ ಎತ್ತರದ ದಿಬ್ಬವೊಂದನ್ನು ಏರಿಸಿ, ಅದರ ಮೇಲೆ ಗಿಡಮರಗಳನ್ನು ಬೆಳೆಸಿ, ಒಂದು ಪುಟ್ಟ ರೈಲನ್ನು ಓಡಿಸಲಾಯಿತು; ಒಳಗೆ ಬರುವವರು ಆ ರೈಲುಹಳಿಯ ಕೆಳಗಿನ ಸುರಂಗಗಳನ್ನು ದಾಟಿಯೇ ಬರಬೇಕಾಯಿತು. ‘ಬರ್ಮ್’ ಎಂದು ಕರೆಯಲಾಗುವ ಈ ದಿಬ್ಬ ಹೊರಗಿನ ರಸ್ತೆ, ವಿದ್ಯುತ್ ಕಂಬ, ವಾಹನಗಳ ಸದ್ದನ್ನು ತಡೆದಂತೆಯೇ ಮುಂದೆ ಮತ್ತೊಂದು ಉಪಯೋಗಕ್ಕೂ ಒದಗಿತು. ಹೊಸ ಸವಾರಿಗಳ ಪೆಟ್ಟಿಗೆಗಳಿಗೆ ಒಳಗೆ ಜಾಗ ಸಾಲದಾದಾಗ ಅವುಗಳನ್ನು ದಿಬ್ಬದ ಆಚೆಗೆ ಕಟ್ಟಿ, ಜನರನ್ನು ಅವರ ಅರಿವಿಗೆ ಬಾರದಂತೆ ದಿಬ್ಬದ ಅಡಿಯಿಂದ ದಾಟಿಸುವ ಉಪಾಯವನ್ನು ವಿನ್ಯಾಸಕಾರರು ಕಂಡುಕೊಂಡರು. 1967ರಲ್ಲಿ ತೆರೆದ ‘ಪೈರೇಟ್ಸ್ ಆಫ್ ದಿ ಕೆರಿಬಿಯನ್’ ಸವಾರಿಯಲ್ಲಿ ದೋಣಿಗಳು ಎರಡು ಇಳಿಜಾರುಗಳಲ್ಲಿ ಜಾರುವುದು ಕಥೆಯ ಮಟ್ಟಿಗೆ ಭೂಗತವಾದ ಕಡಲ್ಗಳ್ಳರ ಲೋಕಕ್ಕೆ ಪ್ರವೇಶ. ಕಟ್ಟಡದ ಮಟ್ಟಿಗೆ ಅದು ರೈಲುಹಳಿಯ ಕೆಳಗೆ ನುಸುಳಿ ಆಚೆಯ ಪೆಟ್ಟಿಗೆಯನ್ನು ತಲುಪುವ ದಾರಿ.

ಈ ಉಪಾಯ ಅತ್ಯಂತ ಸೂಕ್ಷ್ಮವಾಗಿ ಕೈಗೂಡಿರುವುದು 1969ರಲ್ಲಿ ತೆರೆದ ‘ಹಾಂಟೆಡ್ ಮ್ಯಾನ್ಶನ್’ ಎಂಬ ದೆವ್ವದ ಬಂಗಲೆಯಲ್ಲಿ. ಹೊರಗಿನಿಂದ ಕಾಣುವ ಬಿಳಿಯ ಕಂಬಗಳ ಬಂಗಲೆ ಸವಾರಿಯ ಹೆಬ್ಬಾಗಿಲು ಮಾತ್ರ. ಸವಾರಿ ಇರುವುದು ದಿಬ್ಬದ ಆಚೆಗೆ. ಬಂದವರು ಮೊದಲು ಎಂಟು ಮೂಲೆಗಳ, ಕಿಟಕಿಯಿಲ್ಲದ ಕೋಣೆಯೊಂದನ್ನು ಹೊಗುತ್ತಾರೆ. ಬಾಗಿಲು ಮುಚ್ಚಿಕೊಂಡು ಗೋಡೆಯಲ್ಲಿ ಅಡಗಿಹೋಗುತ್ತದೆ. ಗೋಡೆಗಳು ನಿಧಾನವಾಗಿ ಮೇಲಕ್ಕೆ ಬೆಳೆಯುತ್ತ ಹೋದಂತೆ ಅಲ್ಲಿನ ನಾಲ್ಕು ಭಾವಚಿತ್ರಗಳೂ ಉದ್ದವಾಗಿ, ಕೊಡೆ ಹಿಡಿದು ನಗುವ ಹುಡುಗಿ ನಿಂತಿರುವುದು ಮೊಸಳೆಯ ಬಾಯಿಯ ಮೇಲೆ ಕಟ್ಟಿದ ಹಗ್ಗದ ಮೇಲೆಂಬುದು ಬಯಲಾಗುತ್ತದೆ. ವಾಸ್ತವದಲ್ಲಿ ಆ ಕೋಣೆ ಒಂದು ಲಿಫ್ಟು: ಚಾವಣಿ ಇದ್ದಲ್ಲೇ ಇದ್ದು, ನೆಲ ಕೆಳಗಿಳಿದು, ಜನರನ್ನು ರೈಲುಹಳಿಯ ಅಡಿಯ ಓಣಿಯ ಮಟ್ಟಕ್ಕೆ ತಲುಪಿಸುತ್ತದೆ. ಕೋಣೆ ನಿಜವಾಗಿಯೂ ಹಿಗ್ಗುತ್ತಿದೆಯೋ ಅಥವಾ ಅದು ನಿಮ್ಮ ಕಲ್ಪನೆಯೋ ಎಂಬ ಪ್ರಶ್ನೆಯನ್ನು ಅಲ್ಲಿ ಕೇಳಿಬರುವ ಅಶರೀರ ಧ್ವನಿಯೇ ಜನರ ಮುಂದಿಡುತ್ತದೆ ಎಂಬುದು ಗಮನಾರ್ಹ. ಸುಳ್ಳು ಹೇಳುವವನು ಕೇಳುಗನಲ್ಲಿ ಇಂಥ ಸಂಶಯವನ್ನು ತಾನಾಗಿ ಎಬ್ಬಿಸುವುದಿಲ್ಲ. ಫ್ಲೋರಿಡಾದಲ್ಲಿ 1971ರಲ್ಲಿ ತೆರೆದ ಡಿಸ್ನಿಯ ಇನ್ನೊಂದು ಉದ್ಯಾನವಾದ ಮ್ಯಾಜಿಕ್ ಕಿಂಗ್‌ಡಮ್‌ನ ಬಂಗಲೆಯಲ್ಲಿ ಜನರನ್ನು ಹೀಗೆ ಕೆಳಗಿಳಿಸುವ ಅಗತ್ಯವಿರಲಿಲ್ಲ. ಆದರೂ ಆ ಕೋಣೆಯನ್ನು ಕೈಬಿಡದೆ, ನೆಲವನ್ನು ಸ್ಥಿರವಾಗಿರಿಸಿ ಚಾವಣಿಯನ್ನೇ ಮೇಲಕ್ಕೇರಿಸುವ ಏರ್ಪಾಡು ಮಾಡಲಾಯಿತು. ಅಡಗಿಸುವುದಕ್ಕಾಗಿ ಹುಟ್ಟಿದ ಉಪಕರಣ, ಅಡಗಿಸಬೇಕಾದ ಕಾರಣ ಹೋದ ಮೇಲೂ, ಕಥೆಯ ಅಂಗವಾಗಿ ಉಳಿದುಕೊಂಡಿತು.

ದಿಬ್ಬಕ್ಕೆ ಎಟುಕದ್ದನ್ನು ಬಣ್ಣದಿಂದ ಮರೆಸಲಾಗುತ್ತದೆ. ‘ಗೋ ಅವೇ ಗ್ರೀನ್’ ಎಂದು ಹೆಸರಾದ, ಬೂದು ಬೆರೆತ ಮಂಕು ಹಸಿರನ್ನು ಬೇಲಿ, ಗೇಟು, ವಿದ್ಯುತ್ ಪೆಟ್ಟಿಗೆ, ಕಟ್ಟಡದ ಹಿಂಗೋಡೆಗಳಿಗೆ ಬಳಿದರೆ ಅವು ಅದೃಶ್ಯವಾಗುವುದಿಲ್ಲ. ಕಣ್ಣು ಅಲ್ಲಿ ನಿಲ್ಲದೆ ಮುಂದಕ್ಕೆ ಸರಿಯುತ್ತದೆ, ಅಷ್ಟೆ. ಬಣ್ಣಕ್ಕೂ ಮಣಿಯದ ಎತ್ತರದ ಕಟ್ಟಡಗಳಿಗೆ ಮೂರನೆಯ ಉಪಾಯವಿದೆ. ಫ್ಲೋರಿಡಾದ ಹಾಲಿವುಡ್ ಸ್ಟುಡಿಯೋಸ್ ಉದ್ಯಾನದಲ್ಲಿ 1994ರಲ್ಲಿ ತೆರೆದ ‘ಟವರ್ ಆಫ್ ಟೆರರ್’ 199 ಅಡಿ ಎತ್ತರದ್ದು. 200 ಅಡಿ ಮುಟ್ಟಿದರೆ ವಿಮಾನಯಾನ ನಿಯಮಗಳ ಪ್ರಕಾರ ನೆತ್ತಿಯ ಮೇಲೆ ಎಚ್ಚರಿಕೆಯ ದೀಪ ಹಾಕಬೇಕಾಗುವುದರಿಂದ ಒಂದು ಅಡಿ ಕಡಿಮೆ ಮಾಡಲಾಯಿತು. ಆದರೂ ಅದು ಪಕ್ಕದ ಎಪ್ಕಾಟ್ ಉದ್ಯಾನದ ಮೊರಾಕ್ಕೊ ವಿಭಾಗದ ಹಿಂದೆ ಎದ್ದು ಕಾಣುವುದರಿಂದ, ಆ ದಿಕ್ಕಿನಿಂದ ನೋಡುವವರಿಗೆ ಮೊರಾಕ್ಕೊದ ಕಟ್ಟಡಗಳೊಡನೆ ಬೆರೆತುಹೋಗುವಂತೆ ಅದರ ಬಣ್ಣವನ್ನೂ ಶಿಖರಗಳ ಆಕಾರವನ್ನೂ ಹೊಂದಿಸಲಾಗಿದೆ. ಜಪಾನಿನ ತೋಟಗಾರಿಕೆಯಲ್ಲಿ ‘ಶಕ್ಕೇ’ ಎಂಬ ಪದ್ಧತಿಯಿದೆ. ದೂರದ ಬೆಟ್ಟವನ್ನು ತೋಟದ ಚಿತ್ರದೊಳಕ್ಕೆ ಸೇರಿಸಿಕೊಳ್ಳುವ ಈ ಪದ್ಧತಿಯಂತೆ ಕ್ಯೋಟೋದ ಎನ್‌ತ್ಸೂ-ಜಿ ದೇವಾಲಯದ ತೋಟ ಹಿಯೇ ಪರ್ವತವನ್ನು ತನ್ನ ಹಿನ್ನೆಲೆಯಾಗಿ ಮಾಡಿಕೊಂಡಿದೆ. ತೋಟಗಾರ ತನ್ನದಲ್ಲದ ಚೆಲುವನ್ನು ತನ್ನದಾಗಿಸಿಕೊಂಡರೆ, ಉದ್ಯಾನದ ವಿನ್ಯಾಸಕಾರ ತನ್ನದೇ ಆದ ಅಡಚಣೆಯನ್ನು ನೆರೆಯ ದೃಶ್ಯಕ್ಕೆ ಒಪ್ಪಿಸಿಬಿಡುತ್ತಾನೆ.

ಕಟ್ಟಡದ ಸತ್ಯ

ಒಳಗಿನದೊಂದು, ಹೊರಗೆ ತೋರುವುದೊಂದು ಎಂಬ ಈ ರಚನಾಕ್ರಮವನ್ನು ವ್ಯಾಪಾರಿ ಮನೋರಂಜನೆಯ ಅಗ್ಗದ ತಂತ್ರವೆಂದು ತಳ್ಳಿಹಾಕುವವರು ಲಂಡನ್ನಿನ ಸೇಂಟ್ ಪಾಲ್ಸ್ ಮಹಾಮಂದಿರವನ್ನು ಗಮನಿಸಬೇಕು. ಕ್ರಿಸ್ಟೋಫರ್ ರೆನ್ ಕಟ್ಟಿದ ಈ ಮಂದಿರದ ಪಕ್ಕದ ಹೊರಗೋಡೆಗಳ ಮೇಲಂತಸ್ತಿನ ಹಿಂದೆ ಕೋಣೆಗಳೇ ಇಲ್ಲ. ಒಳಗಿನ ಕಮಾನುಗಳ ಒತ್ತಡವನ್ನು ತಡೆಯುವ ಆನಿಕೆಗಳನ್ನು ಬೀದಿಯ ಕಣ್ಣಿನಿಂದ ಮರೆಮಾಡಲು ಆ ಗೋಡೆಗಳನ್ನು ತೆರೆಯಂತೆ ಎತ್ತಿ ನಿಲ್ಲಿಸಲಾಗಿದೆ. ಅದರ ಗುಮ್ಮಟವಂತೂ ಒಂದಲ್ಲ, ಮೂರು: ಒಳಗೆ ನಿಂತವರಿಗೆ ಕಾಣುವ ಗುಮ್ಮಟ, ಹೊರಗಿನಿಂದ ಕಾಣುವ ಸೀಸದ ಹೊದಿಕೆಯ ಮರದ ಗುಮ್ಮಟ, ಎರಡರ ನಡುವೆ ಅಡಗಿದ್ದು ಶಿಖರದ ಭಾರವನ್ನು ಹೊರುವ ಇಟ್ಟಿಗೆಯ ಶಂಕು. ಭಾರ ಹೊರುವುದು ಕಾಣುವುದಿಲ್ಲ. ಕಾಣುವುದು ಆ ಭಾರವನ್ನು ಹೊರುವುದಿಲ್ಲ. ದೇವರ ಮನೆಗೆ ಒಪ್ಪುವ ಈ ಮರೆ ಮಕ್ಕಳ ಉದ್ಯಾನಕ್ಕೆ ಬಂದಾಗ ಮಾತ್ರ ಸುಳ್ಳಾಗುತ್ತದೆ ಎನ್ನುವುದು ಕಷ್ಟ.

ವಾಸ್ತುವಿನಲ್ಲಿ ಸುಳ್ಳನ್ನು ಅತ್ಯಂತ ಕಟುವಾಗಿ ಖಂಡಿಸಿದ ಜಾನ್ ರಸ್ಕಿನ್ ಕೂಡ 1849ರಲ್ಲಿ ಪ್ರಕಟಿಸಿದ ‘ದಿ ಸೆವೆನ್ ಲ್ಯಾಂಪ್ಸ್ ಆಫ್ ಆರ್ಕಿಟೆಕ್ಚರ್’ ಗ್ರಂಥದಲ್ಲಿ ಈ ಬಗೆಗೆ ಎರಡು ವಿವೇಚನೆಗಳನ್ನು ಮಾಡಿದ. ಕಟ್ಟಡದ ಮೂಳೆಗಳನ್ನು ತೋರಿಸಲೇಬೇಕೆಂಬ ನಿರ್ಬಂಧ ವಾಸ್ತುಶಿಲ್ಪಿಗಿಲ್ಲ, ಮನುಷ್ಯನ ಚರ್ಮ ಒಳಗಿನ ಅಂಗರಚನೆಯನ್ನು ಮುಚ್ಚಿದೆಯೆಂದು ಯಾರೂ ದೂರುವುದಿಲ್ಲವಷ್ಟೆ, ಎಂಬುದು ಒಂದು. ಕಟ್ಟಡಕ್ಕೆ ಬಳಿದ ಚಿನ್ನದ ಲೇಪ ಸುಳ್ಳಲ್ಲ, ಏಕೆಂದರೆ ಅದನ್ನು ಯಾರೂ ಗಟ್ಟಿ ಚಿನ್ನವೆಂದು ಭಾವಿಸುವುದಿಲ್ಲ. ಅದೇ ಲೇಪ ಒಡವೆಯ ಮೇಲಿದ್ದರೆ ಸುಳ್ಳು, ಏಕೆಂದರೆ ಅಲ್ಲಿ ಹಾಗೆ ಭಾವಿಸುತ್ತಾರೆ, ಎಂಬುದು ಇನ್ನೊಂದು. ರಸ್ಕಿನ್ನನ ಪ್ರಕಾರ ಸುಳ್ಳು ವಸ್ತುವಿನಲ್ಲಿಲ್ಲ, ನೋಡುವವನ ನಂಬಿಕೆಯಲ್ಲಿದೆ. ಈ ಅಳತೆಗೋಲನ್ನು ಹಿಡಿದರೆ ಥೀಮ್ ಪಾರ್ಕಿನ ವಿಷಯದಲ್ಲಿ ಒಂದು ವಿಚಿತ್ರ ಪರಿಸ್ಥಿತಿ ಎದುರಾಗುತ್ತದೆ. ದೆವ್ವದ ಬಂಗಲೆಯಲ್ಲಿ ದೆವ್ವವಿದೆಯೆಂದು ಪ್ರೌಢರಾದ ಯಾರೂ ನಂಬಿರುವುದಿಲ್ಲ. ದಿಬ್ಬದ ಆಚೆಗಿನ ಬೃಹತ್ ಚಾವಣಿಗಳು ಇಂದು ಯಾರ ಮೊಬೈಲಿನಲ್ಲಾದರೂ ಉಪಗ್ರಹಚಿತ್ರದ ಮೂಲಕ ಸ್ಪಷ್ಟವಾಗಿ ಕಾಣುತ್ತವೆ. ಯಾರ ನಂಬಿಕೆಯನ್ನೂ ಕೆಡಿಸದ ಈ ಮರೆ ಸುಳ್ಳಲ್ಲವೆಂದು ಒಪ್ಪಿದರೂ, ನಂಬಿಕೆಯನ್ನು ಬದಲಿಸದ ಮರೆಯಿಂದ ಪ್ರಯೋಜನವೇನು ಎಂಬ ಪ್ರಶ್ನೆ ಉಳಿಯುತ್ತದೆ. ಎಪ್ಕಾಟ್‌ನಲ್ಲಿ 2022ರಲ್ಲಿ ತೆರೆದ ‘ಕಾಸ್ಮಿಕ್ ರಿವೈಂಡ್’ ಸವಾರಿಯ ಕಟ್ಟಡ, ನೀಲಿ ಬಣ್ಣ ಬಳಿದಿದ್ದರೂ, ಪೂರ್ಣವಾಗಿ ಮರೆಯಾಗಲಾರದಷ್ಟು ದೊಡ್ಡದಾದುದರಿಂದ ಉದ್ಯಾನಪ್ರಿಯರ ಆಕ್ಷೇಪಕ್ಕೆ ಗುರಿಯಾಯಿತು. ಆಕ್ಷೇಪಿಸಿದವರಿಗೆ ಆ ಕಟ್ಟಡ ಕಂಡದ್ದರಿಂದ ಹೊಸ ತಿಳಿವಳಿಕೆಯೇನೂ ಒದಗಿರಲಿಲ್ಲ, ಆದರೂ ಏನೋ ಭಂಗವಾಯಿತೆಂದು ಅವರಿಗೆ ಅನ್ನಿಸಿತು. ಭಂಗವಾದದ್ದು ಯಾವುದು ಎಂಬುದನ್ನು ವಿವರಿಸಲು ಭ್ರಮೆಯ ಮೀಮಾಂಸೆಗೆ ಮರಳಬೇಕು.

ತಿಳಿದ ಮೇಲೂ ಉಳಿಯುವ ತೋರಿಕೆ

ಹದಿನಾಲ್ಕನೆಯ ಶತಮಾನದಲ್ಲಿ ಶೃಂಗೇರಿಯ ಪೀಠವನ್ನಲಂಕರಿಸಿದ್ದ ವಿದ್ಯಾರಣ್ಯರ ಕೃತಿಯೆಂದು ಪರಂಪರೆ ಗುರುತಿಸುವ, ಹದಿನೈದು ಪ್ರಕರಣಗಳ ‘ಪಂಚದಶೀ’ಯಲ್ಲಿ ಅವಿದ್ಯೆಯ ವ್ಯಾಪಾರವನ್ನು ಎರಡಾಗಿ ವಿಂಗಡಿಸಲಾಗಿದೆ. ಇದ್ದುದನ್ನು ಮುಚ್ಚುವುದು ಆವರಣ. ಮುಚ್ಚಿದುದರ ಮೇಲೆ ಇಲ್ಲದ್ದನ್ನು ತೋರಿಸುವುದು ವಿಕ್ಷೇಪ. ಹಗ್ಗ ಹಗ್ಗವೆಂದು ಕಾಣದಿರುವುದು ಮೊದಲನೆಯದು, ಹಾವೆಂದು ಕಾಣುವುದು ಎರಡನೆಯದು. ಸವಾರಿಯ ವಿನ್ಯಾಸಕಾರ ಈ ಎರಡನ್ನೂ ಬೇರೆಬೇರೆ ಸಾಮಗ್ರಿಗಳಿಂದ ಕಟ್ಟುತ್ತಾನೆಂಬುದು ಸ್ಪಷ್ಟ: ದಿಬ್ಬ, ಮಂಕು ಹಸಿರು, ಕತ್ತಲೆಯ ಓಣಿಗಳು ಆವರಣಕ್ಕೆ, ಬಂಗಲೆಯ ಕಂಬಗಳು, ಬೆಳೆಯುವ ಚಿತ್ರಗಳು, ಅಶರೀರ ಧ್ವನಿ ವಿಕ್ಷೇಪಕ್ಕೆ. ಆವರಣ ಸೋತಲ್ಲಿ ವಿಕ್ಷೇಪ ಎಷ್ಟು ಸುಂದರವಾಗಿದ್ದರೂ ನಿಲ್ಲುವುದಿಲ್ಲವೆಂಬ, ಹಗ್ಗ-ಹಾವಿನ ದೃಷ್ಟಾಂತದಿಂದ ಹೊರಡುವ ಅದ್ವೈತದ ಎಣಿಕೆ ಇಲ್ಲಿಯೂ ಸಲ್ಲುತ್ತದೆ, ಏಕೆಂದರೆ ಬಂಗಲೆಯ ಹಿಂದೆ ಉಗ್ರಾಣದ ಗೋಡೆ ಇಣುಕಿದ ಕೂಡಲೇ ಬಂಗಲೆಯೂ ಬಣ್ಣ ಹಚ್ಚಿದ ಹಲಗೆಯಾಗಿಬಿಡುತ್ತದೆ.

ಆದರೆ ಹಗ್ಗ-ಹಾವಿನ ದೃಷ್ಟಾಂತ ಒಂದು ಮುಖ್ಯ ಅಂಶದಲ್ಲಿ ಇಲ್ಲಿಗೆ ಹೊಂದುವುದಿಲ್ಲ. ದೀಪ ತಂದು ನೋಡಿ ಹಗ್ಗವೆಂದು ತಿಳಿದ ಮರುಕ್ಷಣ ಹಾವು ಇಲ್ಲವಾಗುತ್ತದೆ. ಅದೇ ಬೇಸಗೆಯ ಮರುಭೂಮಿಯಲ್ಲಿ ನೀರಿಲ್ಲವೆಂದು ಎಷ್ಟು ಚೆನ್ನಾಗಿ ತಿಳಿದಿದ್ದರೂ ನೀರು ಹೊಳೆಯುತ್ತಲೇ ಇರುತ್ತದೆ, ಕೆಂಪು ದಾಸವಾಳದ ಪಕ್ಕದಲ್ಲಿಟ್ಟ ಸ್ಫಟಿಕ ಬಿಳಿಯದೆಂದು ಗೊತ್ತಿದ್ದರೂ ಕೆಂಪಾಗಿಯೇ ತೋರುತ್ತದೆ. ಅದ್ವೈತಿಗಳು ಮೊದಲನೆಯದನ್ನು ನಿರುಪಾಧಿಕ ಭ್ರಮೆಯೆಂದೂ ಎರಡನೆಯದನ್ನು ಸೋಪಾಧಿಕ ಭ್ರಮೆಯೆಂದೂ ಕರೆದರು. ಉಪಾಧಿ ಎಂದರೆ ಹತ್ತಿರವಿದ್ದು ತನ್ನ ಗುಣವನ್ನು ಇನ್ನೊಂದರ ಮೇಲೆ ತೋರಿಸುವ ನಿಮಿತ್ತ, ಅದು ಇರುವ ತನಕ ತೋರಿಕೆಯೂ ಇರುತ್ತದೆ. ತತ್ತ್ವವನ್ನು ಅರಿತವನಿಗೂ ಜಗತ್ತು ಮೊದಲಿನಂತೆಯೇ ಕಾಣುತ್ತಿರುವುದನ್ನು, ಎಂದರೆ ಸುಳ್ಳೆಂದು ನಿರ್ಣಯವಾದ ಮೇಲೂ ತೋರಿಕೆ ಮುಂದುವರಿಯುವುದನ್ನು, ಅವರು ಬಾಧಿತಾನುವೃತ್ತಿ ಎಂಬ ಪಾರಿಭಾಷಿಕ ಪದದಿಂದ ಸೂಚಿಸಿದರು. ಲಿಫ್ಟಿನ ಗುಟ್ಟನ್ನು ತಿಳಿದೂ ಹತ್ತನೆಯ ಬಾರಿಗೆ ಆ ಕೋಣೆಯಲ್ಲಿ ನಿಂತು ಗೋಡೆ ಬೆಳೆಯುವುದನ್ನು ನೋಡಿ ಸಂತೋಷಪಡುವವರ ಸ್ಥಿತಿ ಇದಕ್ಕೆ ಹತ್ತಿರದ್ದು. ಇಬ್ಬರೂ ಮುಟ್ಟಿದ ಎತ್ತರ ಒಂದೇ ಅಲ್ಲವೆಂಬುದನ್ನು ಮರೆಯಬಾರದು, ಜ್ಞಾನಿಯ ಅರಿವು ಬಿಡುಗಡೆಯದು, ಸವಾರನದು ಬರಿಯ ಮಾಹಿತಿ; ಆದರೆ ಅರಿವೂ ತೋರಿಕೆಯೂ ಒಂದನ್ನೊಂದು ಅಳಿಸದೆ ಜೊತೆಗಿರಬಲ್ಲವೆಂಬ ರಚನೆ ಎರಡೆಡೆಯೂ ಒಂದೇ.

ಇಂಥದೇ ವಿಭಾಗವನ್ನು ಇಮ್ಯಾನುಯೆಲ್ ಕಾಂಟ್ ಬೇರೊಂದು ದಾರಿಯಿಂದ ತಲುಪಿದ್ದ. 1790ರ ‘ಕ್ರಿಟೀಕ್ ಆಫ್ ಜಜ್‌ಮೆಂಟ್’ ಗ್ರಂಥದಲ್ಲಿ ಅವನು ಒಬ್ಬ ಛತ್ರದ ಯಜಮಾನನ ಪ್ರಸಂಗವನ್ನು ಹೇಳುತ್ತಾನೆ: ಹಳ್ಳಿಯ ಹವೆಯನ್ನು ಸವಿಯಲು ಬಂದ ಅತಿಥಿಗಳನ್ನು ಮೆಚ್ಚಿಸಲು ಅವನು ತುಂಟ ಹುಡುಗನೊಬ್ಬನನ್ನು ಪೊದೆಯೊಳಗೆ ಕೂರಿಸಿ, ಬಾಯಲ್ಲಿ ಜೊಂಡಿನ ಪೀಪಿಯಿಟ್ಟು ನೈಟಿಂಗೇಲ್ ಹಕ್ಕಿಯಂತೆ ಹಾಡಿಸುತ್ತಾನೆ, ಗುಟ್ಟು ರಟ್ಟಾದ ಮೇಲೆ ಆ ಹಾಡನ್ನು ಯಾರೂ ಬಹಳ ಹೊತ್ತು ಸಹಿಸರು, ಏಕೆಂದರೆ ಅವರಿಗೆ ಬೇಕಾಗಿದ್ದುದು ಬರಿಯ ನಾದವಲ್ಲ, ಪ್ರಕೃತಿಯ ಕರೆ. ಮುಂದೆ 1798ರ ಮಾನವಶಾಸ್ತ್ರದ ಗ್ರಂಥದಲ್ಲಿ ಅವನು ಭ್ರಮೆಯನ್ನೂ ವಂಚನೆಯನ್ನೂ ಬೇರ್ಪಡಿಸಿದ: ಸತ್ಯ ತಿಳಿದ ಮೇಲೂ ಉಳಿಯುವ ತೋರಿಕೆ ಭ್ರಮೆ, ತಿಳಿದೊಡನೆ ಅಳಿಯುವುದು ವಂಚನೆ, ಮುಖದ ಬಣ್ಣವನ್ನು ಎತ್ತಿ ತೋರಿಸುವ ಉಡುಪು ಮೊದಲನೆಯದಕ್ಕೆ ಉದಾಹರಣೆ, ಮುಖಕ್ಕೆ ಬಳಿದ ಬಣ್ಣ ಎರಡನೆಯದಕ್ಕೆ. ಶೃಂಗೇರಿಯ ಪರಂಪರೆಗೂ ಕ್ಯೋನಿಗ್ಸ್‌ಬರ್ಗಿನ ಪ್ರಾಧ್ಯಾಪಕನಾದ ಕಾಂಟನಿಗೂ ಸಂಪರ್ಕವಿಲ್ಲದಿದ್ದರೂ ಇಬ್ಬರ ಪರೀಕ್ಷೆಯೂ ಒಂದೇ: ತಿಳಿವಳಿಕೆಯ ಬೆಳಕಿನಲ್ಲಿ ಉಳಿಯುವುದೋ ಇಲ್ಲವೋ ಎಂಬುದು. ದೆವ್ವದ ಬಂಗಲೆ ಈ ಪರೀಕ್ಷೆಯಲ್ಲಿ ಗೆಲ್ಲುತ್ತದೆ. ಪೊದೆಯ ಹುಡುಗ ಸೋಲುತ್ತಾನೆ, ಏಕೆಂದರೆ ಅವನ ಯಜಮಾನ ಅತಿಥಿಗಳನ್ನು ಆಟಕ್ಕೆ ಕರೆದಿರಲೇ ಇಲ್ಲ.

ರಸವಿಘ್ನ

ಮರೆಯಿಂದ ನಂಬಿಕೆ ಬದಲಾಗದಿದ್ದರೆ ಬದಲಾಗುವುದೇನು ಎಂಬ ಪ್ರಶ್ನೆಗೆ ಅತ್ಯಂತ ನಿಖರವಾದ ಉತ್ತರ ದೊರೆಯುವುದು ಭಾರತೀಯ ನಾಟ್ಯಮೀಮಾಂಸೆಯಲ್ಲಿ. ಭರತನ ನಾಟ್ಯಶಾಸ್ತ್ರ ವಿವರಿಸುವ ಅರುವತ್ತನಾಲ್ಕು ಮೊಳ ಉದ್ದ, ಮೂವತ್ತೆರಡು ಮೊಳ ಅಗಲದ ನಾಟ್ಯಮಂಟಪದಲ್ಲಿ ಅರ್ಧಭಾಗ ಪ್ರೇಕ್ಷಕರಿಗೆ, ಉಳಿದ ಅರ್ಧದಲ್ಲಿ ಅರ್ಧ ರಂಗಕ್ಕೆ. ಮಿಕ್ಕ ಕಾಲುಭಾಗ ಪೂರ್ತಿ ಮರೆಯಲ್ಲಿರುವ ನೇಪಥ್ಯಗೃಹ, ಎಂದರೆ ನಟರು ವೇಷ ಕಟ್ಟುವ ಕೋಣೆ. ಕಾಣದ ಕಟ್ಟಡಕ್ಕೆ ಇಷ್ಟು ಜಾಗ ತೆಗೆದಿರಿಸುವುದು ಅಲ್ಲಿ ಶಾಸ್ತ್ರವೇ ಆಗಿದೆ. ಈ ಗ್ರಂಥಕ್ಕೆ ‘ಅಭಿನವಭಾರತೀ’ ಎಂಬ ವ್ಯಾಖ್ಯಾನ ಬರೆದ ಕಾಶ್ಮೀರದ ಅಭಿನವಗುಪ್ತ, ರಸವೆಂದರೆ ವಿಘ್ನಗಳಿಲ್ಲದ ಪ್ರತೀತಿ, ಅಡೆತಡೆಯಿಲ್ಲದ ಅನುಭವ, ಎಂದು ನಿರೂಪಿಸಿ ಏಳು ರಸವಿಘ್ನಗಳನ್ನು ಎಣಿಸುತ್ತಾನೆ. ಅವುಗಳಲ್ಲಿ ಒಂದು, ಪ್ರೇಕ್ಷಕ ತನ್ನದೋ ಇನ್ನೊಬ್ಬರದೋ ಆದ ನಿರ್ದಿಷ್ಟ ದೇಶಕಾಲಕ್ಕೆ ಅಂಟಿಕೊಂಡುಬಿಡುವುದು: ಇವನು ಇಂಥ ಊರಿನ ಇಂಥ ನಟ, ಇದು ಇಂದಿನ ಸಂಜೆ, ಇದು ನನ್ನ ದುಃಖ ಎಂಬ ಎಣಿಕೆ ಎದ್ದರೆ ರಸ ಕದಡುತ್ತದೆ. ಇದಕ್ಕೆ ಅವನು ಸೂಚಿಸುವ ಪರಿಹಾರದಲ್ಲಿ ಒಂದು ಕ್ರಮವಿದೆ. ಪೂರ್ವರಂಗ ಮತ್ತು ಪ್ರಸ್ತಾವನೆಗಳಲ್ಲಿ ನಟನು ನಟನೆಂದೇ ಪ್ರೇಕ್ಷಕನಿಗೆ ಮೊದಲು ತಿಳಿಯಬೇಕು. ಆಮೇಲೆ ಕಿರೀಟ, ವೇಷಗಳು ಆ ನಟತ್ವವನ್ನು ಮುಚ್ಚಬೇಕು. ತಿಳಿವಳಿಕೆ ಮೊದಲು, ಮರೆ ಆಮೇಲೆ. ಯಕ್ಷಗಾನದ ಚೌಕಿಯಲ್ಲಿ ಬಣ್ಣ ಹಚ್ಚುವುದನ್ನು ಕಣ್ಣಾರೆ ನೋಡಿ ಬಂದ ಮಕ್ಕಳೇ ತೆರೆಯ ಹಿಂದಿನಿಂದ ರಾಕ್ಷಸವೇಷ ಅಬ್ಬರಿಸಿದಾಗ ಬೆಚ್ಚುವುದಕ್ಕೆ ಈ ಕ್ರಮವೇ ಕಾರಣ.

ಅನಹೈಮ್‌ನ ಸುರಂಗ ಪೂರ್ವರಂಗದ ಕೆಲಸವನ್ನು ಮಾಡುತ್ತದೆ. ರೈಲುಹಳಿಯ ಕೆಳಗೆ ನಡೆದು ಒಳಬರುವವನಿಗೆ ತಾನು ದಿಬ್ಬವೊಂದನ್ನು ದಾಟಿದೆ, ಇಲ್ಲಿಂದ ಮುಂದೆ ಕಟ್ಟಿದ ಲೋಕ ಎಂಬುದು ಕಾಲಿಗೇ ತಿಳಿಯುತ್ತದೆ. ಆಮೇಲೆ ದಿಬ್ಬ ಉಳಿದದ್ದನ್ನು ಮುಚ್ಚುತ್ತದೆ. ಆದ್ದರಿಂದ ಮರೆಯ ಗುರಿ ನಂಬಿಕೆಯಲ್ಲ, ಗಮನ. ಉಗ್ರಾಣದ ಗೋಡೆ ಕಂಡಾಗ ಹೊಸದಾಗಿ ತಿಳಿಯುವುದೇನೂ ಇಲ್ಲ, ಆದರೆ ತಿಳಿದಿದ್ದೂ ಹಿಂದೆ ಸರಿದಿದ್ದ ಸಂಗತಿ ಕರೆಯದೆ ಮುಂದೆ ಬಂದು ಗಮನದಲ್ಲಿ ಪಾಲು ಕೇಳುತ್ತದೆ. ಕಾಸ್ಮಿಕ್ ರಿವೈಂಡ್ ಕಟ್ಟಡವನ್ನು ಆಕ್ಷೇಪಿಸಿದವರಿಗೆ ಭಂಗವಾದದ್ದು ಇದೇ: ಏಕಾಗ್ರತೆ. ಮಂಕು ಹಸಿರು ಬಣ್ಣ ವಸ್ತುವನ್ನು ಅಡಗಿಸದೆ ಕಣ್ಣನ್ನು ಸರಿಸುವುದೂ ಈ ಕಾರಣಕ್ಕೇ.

ಗೋಡೆ ಮತ್ತು ಮನುಷ್ಯ

ಈ ಸಮರ್ಥನೆಗೆ ಎದುರಾಗಿ ಎರಡು ಆಕ್ಷೇಪಗಳಿವೆ. ಫ್ರೆಂಚ್ ಚಿಂತಕ ಜ್ಯಾಂ ಬೊದ್ರಿಯಾರ್ 1981ರ ತನ್ನ ಗ್ರಂಥದಲ್ಲಿ ಡಿಸ್ನಿಲ್ಯಾಂಡ್ ತನ್ನನ್ನು ಕಲ್ಪಿತವೆಂದು ಒಪ್ಪಿಕೊಳ್ಳುವುದೇ ಒಂದು ತಂತ್ರವೆಂದ. ಗೋಡೆಯೊಳಗಿನದು ಕಲ್ಪಿತವೆಂದು ಸಾರಿದರೆ ಹೊರಗಿನ ಅಮೆರಿಕ ವಾಸ್ತವವೆಂದು ಜನ ನಂಬುತ್ತಾರೆ, ಆದರೆ ಅದೂ ಅಷ್ಟೇ ಕಲ್ಪಿತ ಎಂಬುದು ಅವನ ವಾದ. ಈ ವಾದ ಚುರುಕಾಗಿದ್ದರೂ ಗಡಿಯನ್ನು ತೋರಿಸುವ ಭ್ರಮೆಗೂ ತೋರಿಸದ ಭ್ರಮೆಗೂ ಇರುವ ಅಂತರವನ್ನು ಅದು ಅಳಿಸಿಬಿಡುತ್ತದೆ. ಹೊರಗಿನ ಲೋಕದ ಜಾಹೀರಾತು, ರಾಜಕೀಯ ಪ್ರಚಾರಗಳು ತಮ್ಮ ಸುತ್ತ ದಿಬ್ಬ ಕಟ್ಟುವುದಿಲ್ಲ, ಇಲ್ಲಿಂದ ಆಟ ಶುರುವೆಂದು ಹೇಳುವ ಸುರಂಗ ಅವಕ್ಕಿಲ್ಲ. ದೋಷ ಇರುವುದು ಅವುಗಳಲ್ಲೇ ಹೊರತು ತನ್ನ ಗಡಿಯನ್ನು ಮಣ್ಣಿನಲ್ಲಿ ಎತ್ತಿ ತೋರಿಸಿದ ಉದ್ಯಾನದಲ್ಲಲ್ಲ.

ಎರಡನೆಯ ಆಕ್ಷೇಪ ಇದಕ್ಕಿಂತ ಗಂಭೀರವಾದುದು, ಮತ್ತು ಅದು ಹುಟ್ಟುವುದು ಮೇಲಿನ ಸಮರ್ಥನೆಯ ಒಳಗಿನಿಂದಲೇ. ಡಿಸ್ನಿ ಉದ್ಯಾನಗಳಲ್ಲಿ ಜನರಿಗೆ ಕಾಣುವ ಜಾಗ ‘ಆನ್‌ಸ್ಟೇಜ್’, ಕಾಣದ್ದು ‘ಬ್ಯಾಕ್‌ಸ್ಟೇಜ್’. ಕಸ ಗುಡಿಸುವವರಿಂದ ಹಿಡಿದು ನೌಕರರೆಲ್ಲರಿಗೂ ‘ಕಾಸ್ಟ್ ಮೆಂಬರ್’, ಅಂದರೆ ಪಾತ್ರವರ್ಗದವರು, ಎಂದು ಹೆಸರು. ಅನಹೈಮ್‌ನ ಭವಿಷ್ಯಲೋಕದ ವಿಭಾಗದಲ್ಲಿ ಕೌಬಾಯ್ ವೇಷದ ನೌಕರನೊಬ್ಬ ಹಾದುಹೋಗುವುದನ್ನು ಕಂಡು ವಾಲ್ಟ್ ಡಿಸ್ನಿಗೆ ಕಿರಿಕಿರಿಯಾಯಿತೆಂದೂ, ಫ್ಲೋರಿಡಾದ ಮ್ಯಾಜಿಕ್ ಕಿಂಗ್‌ಡಮ್ ಉದ್ಯಾನಕ್ಕೆ ನೌಕರರ ಸು‌ರಂಗಮಾರ್ಗಗಳು ಬಂದದ್ದು ಹಾಗೆಂದೂ ಹೇಳಲಾಗುತ್ತದೆ. ಅಲ್ಲಿ ಅಂತರ್ಜಲದ ಮಟ್ಟ ಮೇಲಿರುವುದರಿಂದ ಸುರಂಗಗಳನ್ನು ಸಹಜ ನೆಲದ ಮೇಲೆಯೇ ಕಟ್ಟಿ, ಮುಂದಿನ ಸರೋವರವನ್ನು ತೋಡಿದ ಮಣ್ಣನ್ನು ಸುತ್ತ ತುಂಬಲಾಯಿತು. ಜನ ನೆಲವೆಂದುಕೊಂಡು ನಡೆಯುವುದು ವಾಸ್ತವದಲ್ಲಿ ಎರಡನೆಯ ಅಂತಸ್ತು, ಅದರ ಕೆಳಗೆ ವೇಷಧಾರಿಗಳು, ಅಡುಗೆಯವರು, ಕಸ ಸಾಗಿಸುವವರು ಓಡಾಡುತ್ತಾರೆ. ವಾಸ್ತುವಿನ ದೃಷ್ಟಿಯಿಂದ ಇದು ದಿಬ್ಬದ ತರ್ಕದ ಸಹಜ ವಿಸ್ತರಣೆ. ಧರ್ಮದ ದೃಷ್ಟಿಯಿಂದ ಇಲ್ಲಿ ಒಂದು ಗೆರೆ ದಾಟಿದಂತಾಗುತ್ತದೆ, ಏಕೆಂದರೆ ಗಮನದಿಂದ ಹಿಂದೆ ಸರಿಸಲಾಗುತ್ತಿರುವುದು ಈಗ ಗೋಡೆಯಲ್ಲ, ದುಡಿಯುವ ಮನುಷ್ಯ.

ರಸ್ಕಿನ್ ಮತ್ತು ಕಾಂಟರ ಅಳತೆಗೋಲುಗಳಿಗೆ ಈ ವ್ಯತ್ಯಾಸ ಕಾಣುವುದಿಲ್ಲ. ಉದ್ಯಾನದಲ್ಲಿ ನೌಕರರಿದ್ದಾರೆಂಬುದು ಯಾರಿಗೂ ಗೊತ್ತಿಲ್ಲದ್ದಲ್ಲ, ಯಾವ ಸುಳ್ಳು ನಂಬಿಕೆಯೂ ಹುಟ್ಟಿಲ್ಲ, ಗುಟ್ಟು ತಿಳಿದರೆ ಸಂತೋಷ ಅಳಿಯುವುದೂ ಇಲ್ಲ. ಹಾಗಾಗಿ ವಂಚನೆಯ ಆರೋಪ ನಿಲ್ಲುವುದಿಲ್ಲ. ಆದರೆ ಮರೆಯ ಕೆಲಸ ಗಮನವನ್ನು ಆಳುವುದೆಂದು ಒಪ್ಪಿದ ಮೇಲೆ ಅದರ ಧರ್ಮಾಧರ್ಮವನ್ನೂ ಗಮನದ ಮೂಲಕವೇ ಅಳೆಯಬೇಕಾಗುತ್ತದೆ. ಗೋಡೆಯನ್ನು ಯಾರೂ ಗಮನಿಸದಿದ್ದರೆ ಗೋಡೆಗೆ ನಷ್ಟವಿಲ್ಲ. ದುಡಿಯುವವರನ್ನು ಯಾರೂ ಗಮನಿಸದಿದ್ದರೆ ಅವರ ಕೂಲಿ, ದಣಿವು, ವಸತಿಗಳ ಪ್ರಶ್ನೆ ಯಾರೂ ನಿರಾಕರಿಸದೆಯೇ ಯಾರ ಮನಸ್ಸಿಗೂ ಬಾರದೆ ಉಳಿಯುತ್ತದೆ. 2018ರ ನವೆಂಬರ್‌ನಲ್ಲಿ ಅನಹೈಮ್‌ನ ಮತದಾರರು ನಗರದ ಸಹಾಯಧನ ಪಡೆಯುವ ದೊಡ್ಡ ಆತಿಥ್ಯ ಸಂಸ್ಥೆಗಳು ಗಂಟೆಗೆ ಕನಿಷ್ಠ 15 ಡಾಲರ್ ಕೂಲಿ ಕೊಡಬೇಕೆಂಬ ನಿಯಮಕ್ಕೆ ಮತ ಹಾಕಿದರು. ಅದು ಡಿಸ್ನಿಲ್ಯಾಂಡಿಗೆ ಅನ್ವಯಿಸುತ್ತದೆಯೇ ಎಂಬ ವ್ಯಾಜ್ಯದಲ್ಲಿ 2023ರಲ್ಲಿ ಮೇಲ್ಮನವಿ ನ್ಯಾಯಾಲಯ ನೌಕರರ ಪರವಾಗಿ ತೀರ್ಪಿತ್ತಿತು. ಗಮನಿಸಬೇಕಾದುದು ಈ ಪ್ರಶ್ನೆ ಎದ್ದ ಸ್ಥಳ: ದಿಬ್ಬದ ಒಳಗೆ ಸಂತೋಷಪಡಲು ಬಂದವರ ನಡುವೆ ಅದು ಏಳಲಿಲ್ಲ, ದಿಬ್ಬದ ಹೊರಗೆ ಆ ನೌಕರರ ನೆರೆಹೊರೆಯವರಾಗಿ ಬದುಕುವ ನಾಗರಿಕರ ನಡುವೆ ಎದ್ದಿತು.

ಇದರಿಂದ ಮರೆಯ ಧರ್ಮಕ್ಕೆ ಮೂರು ಲಕ್ಷಣಗಳನ್ನು ಹೇಳಬಹುದು. ಮರೆಮಾಡಿದ ಸಂಗತಿ ತಿಳಿದ ಮೇಲೂ ಅನುಭವ ಉಳಿಯಬೇಕು; ಇಲ್ಲಿಂದ ಮರೆಯಿದೆ ಎಂಬುದನ್ನು ತೋರಿಸುವ ಹೊಸ್ತಿಲು ಇರಬೇಕು; ಮರೆಯ ಹಿಂದೆ ಸರಿದದ್ದು, ಗಮನ ತಪ್ಪಿದರೆ ನೋಯದಂಥ ವಸ್ತುವಾಗಿರಬೇಕು. ಷೋ ಬಿಲ್ಡಿಂಗ್‌ಗಳನ್ನು ಅಡಗಿಸುವ ವಿದ್ಯೆ ಮೂರನ್ನೂ ಪೂರೈಸುತ್ತದೆ, ಆದುದರಿಂದ ಅದು ಕಲೆ. ಸುರಂಗಮಾರ್ಗ ಮೊದಲೆರಡನ್ನು ಪೂರೈಸಿ ಮೂರನೆಯದರಲ್ಲಿ ಸಾಲ ಉಳಿಸಿಕೊಳ್ಳುತ್ತದೆ, ಮತ್ತು ಆ ಸಾಲವನ್ನು ಉದ್ಯಾನದ ಹೊರಗೆ ಕೂಲಿಯಲ್ಲೂ ಕಾನೂನಿನಲ್ಲೂ ತೀರಿಸಬೇಕಾಗುತ್ತದೆ. ಸತ್ಯ-ಸುಳ್ಳುಗಳ ತಕ್ಕಡಿಯಲ್ಲಿ ಮಾತ್ರ ಮರೆಯನ್ನು ತೂಗಿದ ತತ್ತ್ವಚಿಂತನೆಗೆ ಈ ಮೂರನೆಯ ಲಕ್ಷಣ ಒಂದು ಪೂರಣ: ಸುಳ್ಳನ್ನೇ ಹೇಳದೆಯೂ ಮನುಷ್ಯರಿಗೆ ಅನ್ಯಾಯ ಮಾಡಬಹುದು, ಏಕೆಂದರೆ ಲೋಕದ ಬಹುಪಾಲು ಅನ್ಯಾಯಗಳು ಯಾರಿಗೂ ತಿಳಿಯದ ಸಂಗತಿಗಳಲ್ಲ, ತಿಳಿದೂ ಗಮನಕ್ಕೆ ಬಾರದಂತೆ ಅಣಿಗೊಂಡ ಸಂಗತಿಗಳು.